ಹಾಡಿಗೆ ಮುಂಚಿನ ಎಣಿಕೆ

ಅಕ್ಕ ಸತ್ತ ಮೂರನೆಯ ದಿನ ರೇಡಿಯೋದವನ ಫೋನು:
"ನಿಮ್ಮಕ್ಕ ನಿಜಕ್ಕೂ ಎಲ್ಲಿಯವರು?"
ಹೇಗ್ ನಗರ, ನಾಲ್ಕನೆಯ ಮಹಡಿ,
ಕಿಟಕಿ ಗಾಜಿಗೆ ಕಡಲಿನ ಉಪ್ಪು.
ಒಲೆಯ ಮೇಲೆ ಅನ್ನವಿದೆ, ತಳ ಹತ್ತುತ್ತದೆ
ಎಂದು ಹೇಳಿ ಇಟ್ಟುಬಿಟ್ಟೆ.

ಎಲ್ಲಿಯವಳೆಂದು ಹೇಳಲಿ?
ಸಿದೋಅರ್ಜೋದ ಸಕ್ಕರೆ ಗಿರಣಿಯಲ್ಲಿ ಅಪ್ಪ ಲೆಕ್ಕ ಬರೆಯುತ್ತಿದ್ದ,
ಅವನ ಮುತ್ತಜ್ಜ ಡಚ್ಚರ ಸಿಪಾಯಿ.
ಅಮ್ಮ ಅದೇ ಊರಿನ ಜಾವಾದವಳು,
ಬುಟ್ಟಿ ಹೆಣೆಯುವವರ ಮನೆಯ ಮಗಳು.
ಒಂದೇ ಬಸಿರಿನಲ್ಲಿ ಎರಡು ಪಾಕ:
ನಾನು ಚಹಾ ಬಿದ್ದ ಹಾಲು,
ಅವಳು ಹಾಲು ಬಿದ್ದ ಚಹಾ.
ಶಾಲೆಯಲ್ಲಿ ನನ್ನನ್ನು ಮುಂದಿನ ಬೆಂಚಿಗೆ ಕರೆದರು.
ಅವಳು ಹಿಂದೆ ಕೂತು ಗುನುಗುವುದನ್ನು ಕಲಿತಳು.

ಬಾವುಟ ಬದಲಾಯಿತು. ಅಪ್ಪನ ಹೆಸರೇ ಅಪರಾಧವಾಯಿತು.
ಆರು ವರ್ಷ ಹಲ್ಲು ಕಚ್ಚಿ, ಕೊನೆಗೆ ಹಡಗು ಹತ್ತಿದೆವು.
ಸುಯೆಜ್ ಬಳಿ ಉಣ್ಣೆಯ ಕೋಟು ಹಂಚಿದರು.
ಬಿಟ್ಟಿ ಅಂದುಕೊಂಡೆವು;
ಅಪ್ಪನ ಸಂಬಳದಲ್ಲಿ ಗುಂಡಿ ಗುಂಡಿಯಾಗಿ ಮುರಿದುಕೊಂಡರು.
ಅಕ್ಕನಿಗೆ ಸಿಕ್ಕಿದ್ದು ಗಂಡಸರ ಕೋಟು, ತೋಳು ಮೊಣಕಾಲಿಗೆ.
ಅದರೊಳಗೆ ಅಡಗಿ ಇಡೀ ಮೆಡಿಟರೇನಿಯನ್ ಹಾಡಿದಳು.

ಹದಿನೇಳಕ್ಕೆ ಹ್ಯಾಂಬರ್ಗಿನ ಕ್ಲಬ್ಬು,
ರಾತ್ರಿಗೆ ಆರು ತಾಸು.
ಮಾವನ ಮಕ್ಕಳು ಗಿಟಾರನ್ನು ಬೆನ್ನ ಹಿಂದೆ ಹಿಡಿದು ನುಡಿಸುವರು,
ನಾವಿಕರು ಬಿಯರ್ ಲೋಟ ಕುಟ್ಟಿ ತಪ್ಪು ತಾಳ ಹಾಕುವರು.
ಅವಳ ಕಾಗದಗಳಲ್ಲಿ ಇದ್ದದ್ದು ಒಂದೇ ಮಾತು:
ಇಲ್ಲಿ ಅನ್ನ ಸಿಗುವುದಿಲ್ಲ.

ಆಮೇಲೆ ಕಂಪನಿ ಬಂತು.
ಒಟ್ಟಿಲಿ ಎಂಬ ಹೆಸರು ಭಾರ ಎಂದು
ಡಯಾನ್ ಮಾರ್ ಮಾಡಿದರು.
ಬಣ್ಣ ಹಚ್ಚುವವನು ಹರ್ಮಾನುಸ್, ತಗಡಿನ ಡಬ್ಬಿಯವನು,
ಅರವತ್ತೆರಡರಲ್ಲಿ ಸ್ಪಂಜು ಅದ್ದಿ ಅವಳನ್ನು ಬೆಳ್ಳಗಾಗಿಸಿದ.
ರೆಕಾರ್ಡಿನ ಹೊದಿಕೆ ನೋಡಿ ಅಮ್ಮ ನನ್ನನ್ನು ಕೇಳಿದಳು,
"ನೀನು ಯಾವಾಗ ಹಾಡಿದೆ?"

ಎಪ್ಪತ್ತೊಂದರಲ್ಲಿ ಟೀವಿಯವರಿಗೆ ದ್ವೀಪದ ಹೆಣ್ಣು ಬೇಕಾಯಿತು.
ಅದೇ ಹರ್ಮಾನುಸ್, ಅದೇ ಡಬ್ಬಿ, ಈ ಸಲ ಕಂದು.
ಕಿವಿಗೆ ಪ್ಲಾಸ್ಟಿಕ್ ದಾಸವಾಳ.
ಅಕ್ಕ ಕೇಳಿದಳಂತೆ:
"ಇವೆರಡರ ನಡುವೆ ಎಲ್ಲೋ ನನ್ನ ಮುಖ ಹಾದುಹೋಗಿರಬೇಕಲ್ಲ,
ನೀನೇನಾದರೂ ನೋಡಿದೆಯಾ?"
ಅವನು ನಕ್ಕ. ಒಳ್ಳೆಯವನೇ.
ಆಮೇಲೆ ಬಹಳ ಹೊತ್ತು ಸ್ಪಂಜು ಹಿಂಡುತ್ತಿದ್ದ.

ನಾನು ಅಂಚೆ ಕೌಂಟರಿನಲ್ಲಿ ಮೂವತ್ತೊಂದು ವರ್ಷ ಮುದ್ರೆ ಒತ್ತಿದೆ.
ಎಲ್ಲಿಯವಳು ಎಂದು ಯಾರೂ ಕೇಳಲಿಲ್ಲ.
ಎದುರು ಗೋಡೆಗೆ ಅವಳ ಪೋಸ್ಟರು ಅಂಟಿಸಿದ ವರ್ಷ
ಯಾರೋ ಅಂದರು, ಮೂಗು ನಿಮ್ಮ ಹಾಗೇ ಇದೆ.
ಇರಬಹುದು, ಗೊತ್ತಿಲ್ಲ, ಅಂದೆ.
ಒಂದು ಸಲ ಅಲ್ಲ.
ಅವಳಿಗೆ ಇದು ತಿಳಿದಿತ್ತೋ ಏನೋ,
ಪ್ರತಿ ಹುಟ್ಟುಹಬ್ಬಕ್ಕೆ ಚೀಟಿ ಹಚ್ಚದ ಕಾಗದ ಕಳಿಸುತ್ತಿದ್ದಳು;
ದಂಡ ತೆತ್ತು ನಾನೇ ಬಿಡಿಸಿಕೊಳ್ಳಬೇಕಿತ್ತು.

ಮತ್ತೆ ಸೋಫಾ ಅಂಗಡಿಯ ಉದ್ಘಾಟನೆಗಳು, ನದಿಯ ದೋಣಿಗಳು,
ನಮ್ಮವರ ವೃದ್ಧಾಶ್ರಮ.
ಮುದುಕರು ಎರಡನೇ ಸಾಲಿಗೇ ಅಳುವರು,
ಅವಳು ಮೂರನೆಯದಕ್ಕೆ ಸಾಂಬಲ್ ಎಲ್ಲಿ ಎಂದು ಹುಡುಕುವಳು.
ಒಮ್ಮೆ ಸುರಬಾಯಕ್ಕೆ ಹೋಗಿ ಬಂದಳು.
ಸೈಕಲ್ ರಿಕ್ಷಾದವನು ಕೇಳಿದನಂತೆ, "ಮೇಡಂ, ಯಾವ ದೇಶ?"
ಬಾಡಿಗೆ ಎರಡರಷ್ಟು.
ಬೇಜಾರಾಯಿತೇ ಎಂದೆ.
"ಕೊಟ್ಟೆ," ಅಂದಳು.

ನಿನ್ನೆ ರಾತ್ರಿ ಮೊದಲ ರೆಕಾರ್ಡು ಹಾಕಿದೆ.
ಡ್ರಮ್ಮು ಬೀಳುವ ಮುಂಚೆ, ಸೂಜಿಯ ಕರಕರದ ಅಡಿಯಲ್ಲಿ,
ಉಸಿರಿಗಿಂತ ಸಣ್ಣಗೆ,
ಕತ್ತರಿಸಲು ಯಾರೋ ಮರೆತದ್ದು:
ಸಿಜಿ, ಲೋರೊ, ತೆಲು, ಪಪತ್.
ಬಾವಿಗೆ ಕೊಡ ಇಳಿಸುವಾಗ ಅಮ್ಮ
ಹಗ್ಗದ ಗಂಟು ಎಣಿಸುತ್ತಿದ್ದ ಹಾಗೆ.
ಮುಂದಿನದು ಇಂಗ್ಲಿಷ್ ಹಾಡು, ಯಾರದೋ ನೀಲಿ ಕಾರಿನದು.
ಅದು ನನಗೆ ಬೇಕಿರಲಿಲ್ಲ.
ಸೂಜಿ ಎತ್ತಿ ಮತ್ತೆ ಅಂಚಿಗಿಟ್ಟೆ, ಮತ್ತೆ.
ಕೆಳಮನೆಯಾಕೆ ಪೊರಕೆ ಹಿಡಿಯಿಂದ ಸೂರು ಕುಟ್ಟುವವರೆಗೂ
ಅಕ್ಕ ಎಣಿಸುತ್ತಲೇ ಇದ್ದಳು.